ಟೈಮ್ ಕಥೆ ಬರೀಬೇಕಾ? ಮಷೀನ್ ಪಕ್ಕಕ್ಕಿಡಿ, ಎರಡು ಗಡಿಯಾರ ತಗೊಳ್ಳಿ

ನಾನು ಬರೆದ ಮೊದಲ ಟೈಮ್ ಟ್ರಾವೆಲ್ ಕಥೇಲಿ ಮಷೀನ್ ವರ್ಣನೆಗೇ ಆರು ಪುಟ ಹೋಗಿತ್ತು. ಕಾಯಿಲ್ಲು, ಡಯಲ್ಲು, ನೀಲಿ ಬೆಳಕು, ಝುಂಯ್ ಅನ್ನೋ ಶಬ್ದ, ಏನ್ ಕೇಳ್ತೀರಾ. ಓದಿದ ಫ್ರೆಂಡು ಕೊನೇಲಿ ಕೇಳಿದ್ದು ಒಂದೇ ಪ್ರಶ್ನೆ, "ಅಲ್ವೋ, ಇವನು ಅಲ್ಲಿಗೆ ಹೋಗಿ ಬರೋ ಅಷ್ಟರಲ್ಲಿ ಮನೇಲಿದ್ದ ಅವನ ಹೆಂಡ್ತಿ ಏನಾದ್ಲು?" ನಾನು ಆ ಹೆಂಡ್ತಿನ ಎರಡನೇ ಪುಟದಲ್ಲೇ ಮರೆತುಬಿಟ್ಟಿದ್ದೆ. ಅವಳಿಗೆ ಒಂದು ಹೆಸರು ಕೂಡ ಇಟ್ಟಿರಲಿಲ್ಲ.

ಆ ಕಥೆ ಹೋಯ್ತು, ಆದ್ರೆ ಆ ಪ್ರಶ್ನೆ ಮಾತ್ರ ಇವತ್ತಿಗೂ ಕೆಲಸಕ್ಕೆ ಬರ್ತಿದೆ. ಸೈನ್ಸ್ ಫಿಕ್ಷನ್‌ನಲ್ಲಿ ಟೈಮ್ ಅನ್ನೋ ವಿಷಯಕ್ಕೆ ಇಷ್ಟೊಂದು ಸೆಳೆತ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ: ಇಬ್ಬರ ಗಡಿಯಾರ ಒಂದೇ ಥರ ಓಡಲ್ಲ ಅನ್ನೋ ಭಯ ನಮ್ಮೆಲ್ಲರಿಗೂ ಒಳಗೊಳಗೇ ಇದೆ. ಒಬ್ಬರು ಹೋಗ್ತಾರೆ, ಒಬ್ಬರು ಕಾಯ್ತಾರೆ. ಒಬ್ಬರಿಗೆ ನೆನಪಿರತ್ತೆ, ಇನ್ನೊಬ್ಬರಿಗೆ ಇರಲ್ಲ. ಒಬ್ಬರಿಗೆ ಮುಂದೇನಾಗತ್ತೆ ಅಂತ ಗೊತ್ತು, ಎದುರಿಗೆ ಕೂತವರಿಗೆ ಗೊತ್ತಿಲ್ಲ. ಟೈಮ್ ಕಥೆ ಯಾವ ಜಾತಿದೇ ಆಗ್ಲಿ, ಬಿಚ್ಚಿ ನೋಡಿದ್ರೆ ಒಳಗೆ ಈ ಎರಡು ಗಡಿಯಾರ ಸಿಗತ್ತೆ.

ಇದೇನು ಹೊಸದಲ್ಲ ನೋಡಿ. ಭಾಗವತದಲ್ಲಿ ಕಕುದ್ಮಿ ಅಂತ ಒಬ್ಬ ರಾಜ ಮಗಳು ರೇವತಿಗೆ ಯಾವ ವರ ಸರಿ ಅಂತ ಕೇಳೋಕೆ ಬ್ರಹ್ಮಲೋಕಕ್ಕೆ ಹೋಗ್ತಾನೆ, ಅಲ್ಲಿ ಗಂಧರ್ವರ ಹಾಡು ನಡೀತಿರತ್ತೆ, ಮುಗೀಲಿ ಅಂತ ಕಾಯ್ತಾನೆ, ಆಮೇಲೆ ವಿಷಯ ಎತ್ತಿದ್ರೆ ಬ್ರಹ್ಮ ನಕ್ಕುಬಿಡ್ತಾನೆ, ನೀನು ಮನಸಲ್ಲಿಟ್ಕೊಂಡಿರೋ ಹುಡುಗರು ಇರಲಿ ಅವರ ಮೊಮ್ಮಕ್ಕಳೂ ಇಲ್ಲ ಕಣಯ್ಯಾ, ಭೂಮಿ ಮೇಲೆ 27 ಚತುರ್ಯುಗ ಕಳೆದುಹೋಯ್ತು ಅಂತ. ಜಪಾನಿನ ಜಾನಪದ ಕಥೇಲಿ ಉರಾಶಿಮಾ ತಾರೋ ಅನ್ನೋ ಮೀನುಗಾರ ಸಮುದ್ರದ ತಳದ ಅರಮನೇಲಿ ಕೆಲವು ದಿನ ಇದ್ದು ಊರಿಗೆ ಬಂದ್ರೆ ಅಲ್ಲಿ 300 ವರ್ಷ ಆಗಿರತ್ತೆ. (ಇದನ್ನ ಹಿಡ್ಕೊಂಡು 'ಹಿಂದಿನವರಿಗೆ ಐನ್‌ಸ್ಟೈನ್ ರಿಲೇಟಿವಿಟಿ ಗೊತ್ತಿತ್ತು' ಅಂತ ಹೊರಡಬೇಡಿ ದಯವಿಟ್ಟು. ಅವರಿಗೆ ಗೊತ್ತಿದ್ದದ್ದು ಕಥೆ ಕಟ್ಟೋದು, ಅದೇನು ಕಮ್ಮಿ ವಿದ್ಯೆನಾ?)

ಹಾಗಾಗಿ ಮೊದಲ ಕೆಲಸ, ಪೆನ್ನು ತಗೊಂಡು ಇಬ್ಬರ ಹೆಸರು ಬರೀರಿ. ಮಷೀನ್ ಬೇಡ, ಇಸವಿ ಬೇಡ, ಬರೀ ಇಬ್ಬರು ಮನುಷ್ಯರು, ಅವರ ನಡುವಿನ ಸಂಬಂಧ. ಆಮೇಲೆ ಒಂದು ಸಾಲು: "ಇವರಿಬ್ಬರ ಗಡಿಯಾರ ಬೇರೆಬೇರೆ ಆದ್ರೆ ಇವರ ಮಧ್ಯೆ ಏನು ಮುರಿಯತ್ತೆ?" ಇದಕ್ಕೆ ಉತ್ತರ ಹೊಳೀಲಿಲ್ಲ ಅಂದ್ರೆ ಕಥೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ, ಬರೀ ಐಡಿಯಾ ಸಿಕ್ಕಿದೆ. ಐಡಿಯಾ ಎಲ್ಲರಿಗೂ ಸಿಗತ್ತೆ ಬಿಡಿ.

ನಾನು ಈಗ ಬರೀತಿರೋ ಕಥೆನೇ ಉದಾಹರಣೆಗೆ ತಗೊಳ್ಳೋಣ. ಅಕ್ಕ, ತಂಗಿ. ಅಕ್ಕನಿಗೆ 28, ತಂಗಿಗೆ 24. ಅಕ್ಕ ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ ಹೋಗಿ ಬರ್ತಾಳೆ, ಅದು ಇರೋದು 4.24 ಲೈಟ್ ಇಯರ್ ದೂರದಲ್ಲಿ, ಅಂದ್ರೆ ಬೆಳಕಿಗೇ ಅಲ್ಲಿಗೆ ಹೋಗೋಕೆ 4.24 ವರ್ಷ ಬೇಕು. ಐನ್‌ಸ್ಟೈನ್ 1905ರಲ್ಲಿ ಹೇಳಿದ ಹಾಗೆ ವೇಗ ಹೆಚ್ಚಾದಷ್ಟೂ ಹೋಗೋರ ಗಡಿಯಾರ ನಿಧಾನ. ಬೆಳಕಿನ ವೇಗದ 99 ಪರ್ಸೆಂಟ್‌ನಲ್ಲಿ ಹೋದ್ರೆ ಇದು ಸುಮಾರು ಏಳು ಪಟ್ಟು, ಅಂದ್ರೆ ಭೂಮಿ ಮೇಲೆ ಎಂಟೂವರೆ ವರ್ಷ, ಅಕ್ಕನಿಗೆ ಒಂದು ವರ್ಷ ಎರಡು ತಿಂಗಳ ಮೇಲೆ ಸ್ವಲ್ಪ. ಮೊದಲ ಡ್ರಾಫ್ಟಲ್ಲಿ ಹೀಗೇ ಬರೆದಿದ್ದೆ. ಆಮೇಲೆ ಅನ್ನಿಸ್ತು, ಅಲ್ಲಾ, ಸೊನ್ನೆಯಿಂದ 99 ಪರ್ಸೆಂಟ್‌ಗೆ ದಿಢೀರ್ ಅಂತ ಹೋದ್ರೆ ಅಕ್ಕ ಗೋಡೆಗೆ ಅಂಟಿಕೊಂಡು ಚಪಾತಿ ಆಗ್ತಾಳಲ್ಲ. ಮನುಷ್ಯರು ತಡ್ಕೊಳ್ಳೋ ಹಾಗೆ, ಭೂಮಿಯ ಗುರುತ್ವದಷ್ಟೇ ಒತ್ತಡದಲ್ಲಿ ಅರ್ಧ ದಾರಿ ವೇಗ ಹೆಚ್ಚಿಸ್ತಾ ಇನ್ನರ್ಧ ದಾರಿ ಕಮ್ಮಿ ಮಾಡ್ತಾ ಹೋಗಬೇಕು, ಬರುವಾಗಲೂ ಹಾಗೇ. ಆ ಲೆಕ್ಕ ಹಾಕಿದ್ರೆ ನಡುದಾರೀಲಿ ವೇಗ 95 ಪರ್ಸೆಂಟ್ ಹತ್ತಿರ ಮುಟ್ಟತ್ತೆ, ಹೋಗಿ ಬರೋಕೆ ಅಕ್ಕನ ಗಡಿಯಾರದಲ್ಲಿ ಸುಮಾರು 7.1 ವರ್ಷ, ತಂಗಿ ಗಡಿಯಾರದಲ್ಲಿ 11.7.

ಈಗ ವಯಸ್ಸು ಕೂಡಿಸಿ ನೋಡಿ. ಅಕ್ಕನಿಗೆ 35 ದಾಟಿ ಒಂದು ತಿಂಗಳು. ತಂಗಿಗೆ 35 ದಾಟಿ ಒಂಬತ್ತು ತಿಂಗಳು. ತಂಗಿ ಎಂಟು ತಿಂಗಳು ದೊಡ್ಡವಳಾಗಿಬಿಟ್ಟಳು!

ನನ್ನ ಮೊದಲ ಲೆಕ್ಕದಲ್ಲಿ ವ್ಯತ್ಯಾಸ ಮೂರು ವರ್ಷದ ಮೇಲೆ ಬರ್ತಿತ್ತು, ಅದು ನೋಡಿದ್ರೇ ಗೊತ್ತಾಗೋ ಅಂತರ. ಎಂಟು ತಿಂಗಳು ಯಾರ ಮುಖ ನೋಡಿದ್ರೂ ಗೊತ್ತಾಗಲ್ಲ, ಅವರಿಬ್ಬರಿಗೆ ಮಾತ್ರ ಗೊತ್ತು. ಇದು ಕನ್ನಡದಲ್ಲೇ ಬರೀಬೇಕಾದ ಕಥೆ ಅಂತ ಅನ್ನಿಸಿದ್ದೂ ಆಗಲೇ. ಯಾಕಂದ್ರೆ ನಮ್ಮಲ್ಲಿ ಬರೀ ಒಡಹುಟ್ಟಿದವಳು ಅಂತ ಯಾರೂ ಯಾರನ್ನೂ ಕರೆಯಲ್ಲ, ಬಾಯಿ ತೆಗೆದ ತಕ್ಷಣ ಅಕ್ಕನೋ ತಂಗಿಯೋ ಅಂತ ತೀರ್ಮಾನ ಆಗಿಹೋಗತ್ತೆ. ಹುಟ್ಟಿದ್ದು ಮೊದಲು ಅಕ್ಕನೇ, ಅದು ಬದಲಾಗಲ್ಲ. ಆದ್ರೆ ಹೆಚ್ಚು ದಿನ ಬದುಕಿರೋದು ತಂಗಿ. ಅಪ್ಪ ಅಮ್ಮನ್ನ ಕೊನೆಗಾಲದಲ್ಲಿ ನೋಡಿಕೊಂಡಿದ್ದು ತಂಗಿ. ಮನೇಲಿ ದೊಡ್ಡವರ ಜಾಗದಲ್ಲಿ ಕೂತಿರೋದು ತಂಗಿ. ಅವಳನ್ನ "ಏನೇ" ಅಂತ ಏಕವಚನದಲ್ಲಿ ಕರೆಯೋ ಹಕ್ಕು ಅಕ್ಕನಿಗೆ ಇನ್ನೂ ಇದೆಯಾ? ಫಿಸಿಕ್ಸ್ ಸರಿ ಮಾಡೋಕೆ ಹೋಗಿ ಕಥೆಗೆ ಜೀವ ಬಂತು. ಅದಕ್ಕೇ ಹೇಳೋದು, ಲೆಕ್ಕ ಹಾಕಿ, ಓದುಗರು ಚೆಕ್ ಮಾಡ್ತಾರೆ ಅಂತಲ್ಲ, ಲೆಕ್ಕದೊಳಗೆ ನಿಮಗೆ ಹೊಳೆಯದೇ ಇರೋ ದೃಶ್ಯ ಕೂತಿರತ್ತೆ.

ಆದ್ರೆ ಒಂದು ಎಚ್ಚರಿಕೆ. ವೇಗ ಕಮ್ಮಿ ಇದ್ದಾಗ ಈ ಆಟ ನಡೆಯಲ್ಲ. ಬೆಳಕಿನ ಅರ್ಧ ವೇಗದಲ್ಲಿ ಹೋದ್ರೂ ಹೋದವರ ಒಂದು ಗಂಟೆಗೆ ಮನೇಲಿ ಒಂದು ಗಂಟೆ ಒಂಬತ್ತು ನಿಮಿಷ ಆಗಿರತ್ತೆ ಅಷ್ಟೇ. ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಷನ್‌ಗೆ ಆರು ತಿಂಗಳು ಹೋಗಿ ಬಂದ ಹೀರೋ ಮಕ್ಕಳಿಗಿಂತ ಚಿಕ್ಕವನಾಗಿ ಇಳಿಯೋ ಥರ ಬರೀಬೇಡಿ. ಸೆರ್ಗೆಯ್ ಕ್ರಿಕಾಲ್ಯೋವ್ ಅನ್ನೋ ರಷ್ಯನ್ ಗಗನಯಾತ್ರಿ ಎಲ್ಲ ಸೇರಿ 803 ದಿನ ಮೇಲಿದ್ದು ಬಂದ್ರೂ ಭೂಮಿ ಮೇಲಿದ್ದವರಿಗೆ ಹೋಲಿಸಿದ್ರೆ ಅವರು ಉಳಿಸಿಕೊಂಡಿದ್ದು ಸುಮಾರು ಐವತ್ತನೇ ಒಂದು ಸೆಕೆಂಡು.

ಹಾಗಂತ ಚಿಕ್ಕ ವ್ಯತ್ಯಾಸದಲ್ಲಿ ಕಥೆ ಇಲ್ಲ ಅಂತ ಅಲ್ಲ. 1971ರಲ್ಲಿ ಹಫೆಲೆ ಮತ್ತು ಕೀಟಿಂಗ್ ಅನ್ನೋ ಇಬ್ಬರು ವಿಜ್ಞಾನಿಗಳು ತುಂಬಾ ನಿಖರವಾದ ಅಟಾಮಿಕ್ ಗಡಿಯಾರಗಳನ್ನ ಮಾಮೂಲಿ ಪ್ಯಾಸೆಂಜರ್ ವಿಮಾನಗಳಲ್ಲಿ ಸೀಟಲ್ಲಿಟ್ಕೊಂಡು ಭೂಮಿ ಸುತ್ತಿದ್ರು, ನೆಲದ ಮೇಲಿದ್ದ ಗಡಿಯಾರಕ್ಕೆ ಹೋಲಿಸಿದ್ರೆ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದ್ರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು 273 ಮುಂದೆ. ಬರೀ ವೇಗ ಅಲ್ಲ, ಗುರುತ್ವಕ್ಕೂ ಇದರಲ್ಲಿ ಪಾಲಿದೆ, ಭೂಮಿಯಿಂದ ಮೇಲೆ ಹೋದಷ್ಟೂ ಗುರುತ್ವ ಕಮ್ಮಿ, ಗಡಿಯಾರ ಬೇಗ. 2010ರಲ್ಲಿ ಇನ್ನೂ ಸೂಕ್ಷ್ಮ ಗಡಿಯಾರಗಳಲ್ಲಿ ಒಂದನ್ನ ಇನ್ನೊಂದಕ್ಕಿಂತ ಬರೀ 33 ಸೆಂಟಿಮೀಟರ್ ಮೇಲೆತ್ತಿದ್ರೂ ವ್ಯತ್ಯಾಸ ಸಿಕ್ತು. ಅಂದ್ರೆ ನಿಂತಿರೋ ನಿಮ್ಮ ತಲೆ ಪಾದಕ್ಕಿಂತ ಸ್ವಲ್ಪ ಬೇಗ ವಯಸ್ಸಾಗ್ತಿದೆ, ಈಗಲೇ, ಇದನ್ನ ಓದ್ತಿರುವಾಗಲೇ. ಫೋನಲ್ಲಿ ಮ್ಯಾಪ್ ಸರಿಯಾಗಿ ದಾರಿ ತೋರಿಸ್ತಿದೆ ಅಂದ್ರೆ ಅದಕ್ಕೂ ಇದೇ ಕಾರಣ, ಜಿಪಿಎಸ್ ಸ್ಯಾಟಲೈಟಿನ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು) ಮುಂದೆ ಓಡತ್ತೆ ಅಂತ ಮೊದಲೇ ಲೆಕ್ಕ ಹಾಕಿ ತಿದ್ದಿರ್ತಾರೆ.

ಮಷೀನೇ ಇಲ್ಲದ ಟೈಮ್ ಕಥೆ ಬೇಕು ಅಂದ್ರೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳ್ತೀನಿ. ಮಂಗಳ ಗ್ರಹದ ದಿನ ನಮ್ಮ ದಿನಕ್ಕಿಂತ ಸುಮಾರು 39 ನಿಮಿಷ 35 ಸೆಕೆಂಡ್ ಉದ್ದ. ಅಲ್ಲಿಗೆ ರೋವರ್, ಅಂದ್ರೆ ನೆಲದ ಮೇಲೆ ಓಡಾಡೋ ರೋಬೋ ಗಾಡಿ, ಇಳಿಸಿದಾಗ ಅದನ್ನ ನಡೆಸೋ ಟೀಮಿನವರು ಶುರುವಿನ ಕೆಲವು ತಿಂಗಳು ಮಂಗಳದ ಟೈಮಿಗೇ ಬದುಕ್ತಾರೆ, ದಿನಾ ಡ್ಯೂಟಿ ನಲವತ್ತು ನಿಮಿಷ ಜಾರ್ತಾ ಹೋಗತ್ತೆ. ಹದಿನೆಂಟು ದಿನಕ್ಕೆ ಹನ್ನೆರಡು ಗಂಟೆ ಜಾರಿ ಹಗಲು ರಾತ್ರಿ ಅದಲು ಬದಲು, ಇನ್ನು ಹದಿನೆಂಟು ದಿನಕ್ಕೆ ಮತ್ತೆ ಮನೆಯವರ ಟೈಮಿಗೆ ವಾಪಸ್. ಅಂದ್ರೆ ತಿಂಗಳಿಗೊಂದ್ಸಲ ಬಂದು ಹೋಗೋ ಗಂಡ, ಒಂದೇ ಮನೇಲಿ ಇದ್ದುಕೊಂಡು. ಅವರ ಮಗು ಆ ಮೂವತ್ತಾರು ದಿನ ಗೋಡೆ ಮೇಲೆ ಪೆನ್ಸಿಲಲ್ಲಿ ಏನು ಗುರುತು ಹಾಕತ್ತೆ? ಬೇಕಾದ್ರೆ ತಗೊಳ್ಳಿ ಈ ಕಥೆ, ನಾನು ಬರೆಯಲ್ಲ.

ಸರಿ, ಹಿಂದಕ್ಕೆ ಹೋಗೋ ಕಥೆಗೆ ಬರೋಣ, ಎಲ್ಲರೂ ಎಡವೋದು ಇಲ್ಲೇ. ಮುಂದಕ್ಕೆ ಹೋಗೋಕೆ ಫಿಸಿಕ್ಸ್ ಅಡ್ಡಿ ಮಾಡಲ್ಲ, ಹಿಂದಕ್ಕೆ ಹೋಗೋಕೆ ಮಾತ್ರ ಗಲಾಟೆ. ಗಣಿತಜ್ಞ ಗೊಡೆಲ್ 1949ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಒಂದು ಉತ್ತರ ಕಂಡುಹಿಡಿದ, ಇಡೀ ವಿಶ್ವವೇ ತಿರುಗ್ತಿದ್ರೆ ಹೋದವನು ತನ್ನ ನಿನ್ನೆಗೇ ಬಂದು ಸೇರಬಹುದು ಅಂತ, ನಮ್ಮ ವಿಶ್ವ ಹಾಗೆ ತಿರುಗೋ ಥರ ಕಾಣ್ತಿಲ್ಲ ಅನ್ನೋದು ಬೇರೆ ಮಾತು. ಫಿಸಿಕ್ಸ್ ವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ಕ್ಕೆ ಟೈಮ್ ಟ್ರಾವೆಲರ್‌ಗಳಿಗೆ ಅಂತಲೇ ಪಾರ್ಟಿ ಇಟ್ಟು, ಪಾರ್ಟಿ ಮುಗಿದ ಮೇಲೆ ಇನ್ವಿಟೇಷನ್ ಹೊರಗೆ ಬಿಟ್ರು, ಯಾರೂ ಬರಲಿಲ್ಲ. ನೀವು ಇದನ್ನೆಲ್ಲ ಬಗೆಹರಿಸೋಕೆ ಹೋಗಬೇಡಿ. ನೀವು ಮಾಡಬೇಕಾದ್ದು ಒಂದೇ, ರೂಲ್ ಯಾವುದು ಅಂತ ಬರೆಯೋಕೆ ಮುಂಚೆ ಫಿಕ್ಸ್ ಮಾಡೋದು, ಮಾಡಿದ ಮೇಲೆ ಸತ್ರೂ ಮುರೀದೇ ಇರೋದು.

ರೂಲ್ ಅಂದ್ರೆ ಹೀಗೆ. ಹಿಂದೆ ಹೋಗಿ ತಾತನ್ನ ಮದುವೆಗೆ ಮುಂಚೆ ಕೊಂದ್ರೆ ನೀನು ಹುಟ್ಟಿದ್ದು ಹೇಗೆ ಅನ್ನೋ ಹಳೇ ಗಂಟು ಇದೆಯಲ್ಲ, ಅದನ್ನ ಬಿಚ್ಚೋಕೆ ಕಥೆಗಾರರು ಸುಮಾರಾಗಿ ಮೂರು ದಾರಿ ಹಿಡೀತಾರೆ. ಹೋದದ್ದು ಬದಲಾಗತ್ತೆ, ಇಲ್ಲಿರೋದು ಅಳಿಸಿಹೋಗತ್ತೆ ಅನ್ನೋದು ಒಂದು. ಬದಲಾಯಿಸಿದ ಕೂಡಲೇ ಬೇರೆ ಕವಲು ಹುಟ್ಟತ್ತೆ, ಹಳೇದು ಅದರ ಪಾಡಿಗೆ ಇರತ್ತೆ ಅನ್ನೋದು ಇನ್ನೊಂದು, ಇದಕ್ಕೆ ಅಮೆರಿಕದ ಫಿಸಿಕ್ಸ್ ವಿಜ್ಞಾನಿ ಎವೆರೆಟ್ 1957ರಲ್ಲಿ ಕ್ವಾಂಟಮ್ ಫಿಸಿಕ್ಸ್‌ಗೆ ಕೊಟ್ಟ ಹಲವು ಲೋಕಗಳ ವ್ಯಾಖ್ಯಾನದ ನೆರಳು ಸಿಗತ್ತೆ. ಮೂರನೇದು, ಏನು ಮಾಡಿದ್ರೂ ಬದಲಾಗಲ್ಲ, ನೀನು ಹೋಗಿ ಮಾಡಿದ್ದೂ ಮೊದಲಿಂದಲೇ ಆ ಇತಿಹಾಸದ ಭಾಗ ಅನ್ನೋದು, ರಷ್ಯಾದ ಫಿಸಿಕ್ಸ್ ವಿಜ್ಞಾನಿ ನೋವಿಕೋವ್ ಹೆಸರಲ್ಲಿ ಈ ತತ್ವ ಇದೆ.

ಕವಲು ದಾರಿ ಬಗ್ಗೆ ನನಗೆ ತಕರಾರಿದೆ. ಒಂದು ಲೋಕದಲ್ಲಿ ಅಮ್ಮ ಸತ್ತಳು, ಇನ್ನೊಂದರಲ್ಲಿ ಬದುಕಿದಳು ಅಂದ್ರೆ ನಾನು ಯಾಕೆ ಅಳಬೇಕು? ಎಲ್ಲಾ ಆಗೇ ಆಗತ್ತೆ ಅಂದ್ಮೇಲೆ ಯಾವುದಕ್ಕೂ ಬೆಲೆ ಇಲ್ಲ. ಇದನ್ನ ಚೆನ್ನಾಗಿ ಬರೆದವರೂ ಇದ್ದಾರೆ, ಆದ್ರೆ ಅವರೆಲ್ಲ 'ಬಿಟ್ಟು ಬಂದ ಕವಲಲ್ಲಿ ಕಾಯ್ತಾ ಕೂತಿರೋರು ಯಾರು' ಅನ್ನೋದನ್ನ ಮರೆತಿರಲ್ಲ, ಮತ್ತೆ ಅದೇ ಎರಡು ಗಡಿಯಾರ.

ನನ್ನ ಓಟು ಮೂರನೇದಕ್ಕೆ. ಬರೆಯೋಕೆ ಕಷ್ಟ, ಓದೋಕೆ ಅಷ್ಟೇ ರುಚಿ. ಇದು ನಮಗೆ ಹೊಸದೂ ಅಲ್ಲ, ಹಣೆಬರಹ ಅನ್ನೋ ಪದ ದಿನಾ ಬಳಸೋರು ನಾವು. ಕಂಸನ ಕಥೆ ನೆನೆಸಿಕೊಳ್ಳಿ. ಅಶರೀರವಾಣಿ ಅಂದ್ರೆ ಏನು, ಮುಂದಿನಿಂದ ಹಿಂದಕ್ಕೆ ಬಂದ ಒಂದು ಮೆಸೇಜು. ದೇವಕಿಯ ಎಂಟನೇ ಮಗು ನಿನ್ನ ಕೊಲ್ಲತ್ತೆ ಅಂತ. ಅದನ್ನ ತಪ್ಪಿಸೋಕೆ ಅಂತ ಅವನು ತಂಗಿನ ಸೆರೆಗೆ ಹಾಕಿ ಒಂದೊಂದೇ ಕೂಸನ್ನ ಕೊಲ್ತಾ ಹೋಗ್ತಾನೆ, ಅದನ್ನೆಲ್ಲ ಮಾಡದೇ ಇದ್ದಿದ್ರೆ ಆ ಎಂಟನೇ ಮಗುಗೆ ಸೋದರಮಾವನ್ನ ಕೊಲ್ಲೋಕೆ ಕಾರಣನಾದ್ರೂ ಏನಿರ್ತಿತ್ತು? ಬಂದ ಸುದ್ದಿನೇ ಸುದ್ದಿನ ನಿಜ ಮಾಡ್ತು. ಈ ಥರದ ಕಥೆ ಕಟ್ಟೋಕೆ ಒಂದು ಟ್ರಿಕ್ ಹೇಳ್ತೀನಿ, ಕೊನೆಯಿಂದ ಬರೀರಿ. ಆಗೋದು ಏನು ಅಂತ ಮೊದಲು ಬರೆದಿಟ್ಟು, ಅದನ್ನ ತಪ್ಪಿಸೋಕೆ ಪಾತ್ರ ಮಾಡೋ ಮೂರು ಪ್ರಯತ್ನ ಯೋಚಿಸಿ, ಆ ಮೂರೂ ಸೇರಿನೇ ಅದನ್ನ ಆಗಿಸಬೇಕು. ಪ್ರತಿ ಪ್ರಯತ್ನಾನೂ ಓದುಗನಿಗೆ 'ನಾನಾಗಿದ್ರೂ ಇದನ್ನೇ ಮಾಡ್ತಿದ್ದೆ' ಅನ್ನಿಸಬೇಕು. ಪಾತ್ರ ಪೆದ್ದುತನದಿಂದ ಸೋತ್ರೆ ಹಣೆಬರಹ ಅನ್ನಿಸಲ್ಲ, ಲೇಖಕನ ಕೈವಾಡ ಅನ್ನಿಸತ್ತೆ.

ಲೂಪ್ ಕಥೆ, ಅದೇ ದಿನ ಮತ್ತೆ ಮತ್ತೆ ಬರೋದು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ಸುತ್ತು ಪೂರ್ತಿ ಬರೀರಿ, ಎರಡನೇದರಲ್ಲಿ ಬದಲಾದದ್ದು ಮಾತ್ರ, ಐದನೇದಕ್ಕೆ ಒಂದು ಸಾಲು ಸಾಕು. ನೆನಪಿರೋ ಒಬ್ಬ, ನೆನಪಿಲ್ಲದ ಇನ್ನೊಬ್ಬರು, ಪ್ರತಿ ಬೆಳಿಗ್ಗೆ ಪರಿಚಯ ಮಾಡ್ಕೊಬೇಕಾದ ಕಷ್ಟ, ಅಲ್ಲಿದೆ ಕಥೆ.

ಇನ್ನು ವಿವರಣೆ ಎಷ್ಟು ಕೊಡಬೇಕು? ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಆ ಪ್ರಸಿದ್ಧ ಟೈಮ್ ಮಷೀನ್ ನೋಡಿ, ನಿಕ್ಕಲ್ಲು, ದಂತ, ಸ್ಫಟಿಕ ಅಂತ ಒಂದಿಷ್ಟು ಸಾಮಾನಿನ ಹೆಸರು, ಎರಡು ಲಿವರ್ರು, ಹೇಗೆ ಓಡತ್ತೆ ಅಂತ ಕೇಳಿದ್ರೆ ಉತ್ತರ ಇಲ್ಲ, ಅಷ್ಟರಲ್ಲೇ ಮನುಷ್ಯ 8,02,701ನೇ ಇಸವಿಗೆ ಹೋಗಿ ಇಳೀತಾನೆ, ನಾವೂ ಒಪ್ಪಿ ಹಿಂದೆ ಹೋಗ್ತೀವಿ. ಒಂದು ಸಣ್ಣ ಪೇಚು ಇದೆ: ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡ್ತಿದೆ, ಆರು ತಿಂಗಳು ಹಿಂದಕ್ಕೆ ಹೋಗಿ 'ಅದೇ ಜಾಗದಲ್ಲಿ' ಇಳಿದ್ರೆ ಭೂಮಿ ಇರೋದು 30 ಕೋಟಿ ಕಿಲೋಮೀಟರ್ ಆಚೆ, ಸೂರ್ಯನ ಇನ್ನೊಂದು ಮಗ್ಗುಲಲ್ಲಿ. ಇದನ್ನ ಕಥೇಲಿ ಎತ್ತಿದ್ರೆ ಎತ್ತಿದ ಹಾಗೆ ಬಗೆಹರಿಸಿ, ಇಲ್ಲಾಂದ್ರೆ ಉಸಿರೇ ಎತ್ತಬೇಡಿ. ಅರ್ಧಂಬರ್ಧ ಸಮಜಾಯಿಷಿ ಕೊಟ್ರೆ ಮಾತ್ರ ಓದುಗರು ಹಿಡ್ಕೊಂಡು ಜಗ್ತಾರೆ.

ಈಗ ಬೇಜಾರಿನ ಕೆಲಸ, ಶೀಟು. ಎಕ್ಸೆಲ್ಲೋ ಕಾಗದವೋ, ಎರಡು ಕಾಲಮ್ ಹಾಕಿ, ಒಂದು ಹೋದವರ ಗಡಿಯಾರ, ಒಂದು ಉಳಿದವರದು. ಪ್ರತಿ ದೃಶ್ಯಕ್ಕೂ ಎರಡೂ ಕಡೆ ವಯಸ್ಸು ಬರೀರಿ, ಮೂರನೇ ಕಾಲಮ್‌ನಲ್ಲಿ ಆ ಹೊತ್ತಿಗೆ ಯಾರಿಗೆ ಏನು ಗೊತ್ತು ಅಂತ. ನನ್ನ ಕಥೇಲಿ ಅಪ್ಪ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಅಕ್ಕನಿಗೆ ಹೋಗಬೇಕಿತ್ತು, ಅದೂ ಬೆಳಕಿನ ವೇಗದಲ್ಲೇ ಹೋಗೋದು, ಅವಳು ಅದರ ಮುಂದೆ ಓಡ್ತಿರೋಳು, ಹಾಗಾಗಿ ಸುದ್ದಿ ಅವಳನ್ನ ಹಿಡಿಯೋಕೆ ಎಷ್ಟು ವರ್ಷ ಬೇಕು ಅಂತ ಶೀಟ್ ನೋಡಿದ ಮೇಲೇ ನನಗೆ ಗೊತ್ತಾಗಿದ್ದು, ಅಲ್ಲಿವರೆಗೆ ಎರಡು ದೃಶ್ಯ ಸುಳ್ಳು ಬರೆದಿದ್ದೆ. ಇತಿಹಾಸಕ್ಕೆ ಹೋಗೋ ಕಥೆ ಆದ್ರೆ ಕ್ಯಾಲೆಂಡರ್ ಕೂಡ ನೋಡಿ. ಈಗ ನಾವು ಬಳಸೋ ಗ್ರೆಗೋರಿಯನ್ ಕ್ಯಾಲೆಂಡರ್ ಬಂದಾಗ ಕೆಲವು ತಾರೀಖು ಹಾರಿಸಿಬಿಟ್ರು, ಅದನ್ನ ಮೊದಲು ಒಪ್ಪಿಕೊಂಡ ದೇಶಗಳಲ್ಲಿ 1582ರ ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15, ಬ್ರಿಟನ್‌ನಲ್ಲಿ 1752ರ ಸೆಪ್ಟೆಂಬರ್ 2 ಆದ್ಮೇಲೆ 14. ನಿಮ್ಮ ಹೀರೋ ಮಧ್ಯದ ತಾರೀಖಿಗೆ ಇಳಿದ್ರೆ ಆ ದಿನಾನೇ ಇಲ್ಲ! ಸಾವಿರ ವರ್ಷ ಹಿಂದೆ ಹೋಗಿ ಎಲ್ಲರ ಹತ್ರ ಇವತ್ತಿನ ಮಾತಲ್ಲೇ ಹರಟೆ ಹೊಡೆಯೋ ಹೀರೋ ಕೂಡ ಬೇಡ, ಹಳಗನ್ನಡದ ಒಂದು ಪದ್ಯ ಎದುರಿಗಿಟ್ಟುಕೊಂಡು ಓದಿ ನೋಡಿ, ಎಷ್ಟು ಅರ್ಥ ಆಗತ್ತೆ ಅಂತ.

ಭಾಷೆ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಟೈಮ್ ಕಥೆಗೆ ಕನ್ನಡದಷ್ಟು ಅನುಕೂಲ ಮಾಡಿಕೊಡೋ ಭಾಷೆ ಸಿಕ್ಕಿರೋದು ನಮ್ಮ ಪುಣ್ಯ ಅನ್ನಿಸತ್ತೆ ನನಗೆ. ಒಳಗಿಂದ ಯಾರಾದ್ರೂ ಕರೆದ್ರೆ ಏನಂತೀವಿ? "ಬಂದೆ, ಬಂದೆ, ಎರಡು ನಿಮಿಷ." ಇನ್ನೂ ಎದ್ದೇ ಇಲ್ಲ, ಕ್ರಿಯಾಪದ ಮಾತ್ರ ಭೂತಕಾಲಕ್ಕೆ ಹೋಗಿ ಕೂತಾಗಿದೆ. "ಬರ್ತೀನಿ" ಅಂದ್ರೆ ಈಗಲೂ ಹೌದು ನಾಳೆನೂ ಹೌದು, ಹೊರಡುವಾಗ "ಹೋಗ್ತೀನಿ" ಅನ್ನದೇ "ಬರ್ತೀನಿ" ಅಂತೀವಲ್ಲ ಅದು ಬೇರೆ. ಹದಿನೈದು ನಿಮಿಷ ಮುಂದಿನ ಕಾಲದಿಂದ ಬಂದ ಪಾತ್ರ ಬಾಗಿಲಲ್ಲಿ ನಿಂತು "ಬಂದೆ" ಅಂದ್ರೆ ಓದುಗನಿಗೆ ಏನೂ ಅನುಮಾನ ಬರಲ್ಲ, ಹತ್ತು ಪುಟ ಆದ್ಮೇಲೆ ಬೆನ್ನಲ್ಲಿ ಚಳಿ ಹುಟ್ಟತ್ತೆ. "ಕಾಲವಾದರು" ಅನ್ನೋ ಮಾತನ್ನ ಒಂದ್ಸಲ ಅಕ್ಷರಶಃ ತಗೊಂಡು ನೋಡಿ, ಸತ್ತವರು ಕಾಲವೇ ಆಗಿಬಿಟ್ರು, ಕಾಲ ಅಂದ್ರೆ ಯಮನೂ ಹೌದು. ಇದೊಂದು ಪದದಿಂದಲೇ ಒಂದು ಸೈನ್ಸ್ ಫಿಕ್ಷನ್ ಶುರು ಮಾಡಬಹುದು. ಹಾಗಾಗಿ ಹಿಂದೆ ಮುಂದೆ ಜಿಗಿಯೋ ಕಥೇಲಿ ಪ್ರತಿ ಸಲ "ಹತ್ತು ವರ್ಷಗಳ ಹಿಂದೆ" ಅಂತ ಬೋರ್ಡ್ ಹಾಕಬೇಡಿ, ಕ್ರಿಯಾಪದಕ್ಕೆ ಆ ಕೆಲಸ ಕೊಡಿ. ಹೋದವರ ಭಾಗ "ಬರ್ತೀನಿ, ನೋಡ್ತೀನಿ", ಉಳಿದವರ ಭಾಗ "ಬಂದ್ಲು, ನೋಡಿದ್ಲು" ಅಂತ ಇಟ್ಟು, ಇಬ್ಬರೂ ಭೇಟಿ ಆಗೋ ದೃಶ್ಯದಲ್ಲಿ ಎರಡನ್ನೂ ಡಿಕ್ಕಿ ಹೊಡೆಸಿ. ಒಂದು ಪುಟದ ಮಟ್ಟಿಗೆ ಗೊಂದಲ ಆಗತ್ತೆ, ಆಗ್ಲಿ, ಆ ಪಾತ್ರಗಳಿಗೂ ಗೊಂದಲಾನೇ ಅಲ್ವಾ.

ಬರೆದು ಮುಗಿದ ಮೇಲೆ ಒಂದು ಟೆಸ್ಟು. ಕಥೆಯಿಂದ ಮಷೀನ್, ರಾಕೆಟ್, ಲೂಪ್ ಎಲ್ಲ ತೆಗೆದು, ದೂರದ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಬಾರದವನ ಕಥೆ ಅಂತ ಓದಿ ನೋಡಿ. ಆಗಲೂ ಏನೂ ಕಮ್ಮಿ ಅನ್ನಿಸಲಿಲ್ಲ ಅಂದ್ರೆ ನಿಮಗೆ ಸೈನ್ಸ್ ಫಿಕ್ಷನ್ ಬೇಕೇ ಇರಲಿಲ್ಲ, ಮಾಮೂಲಿ ಕಥೆಯಾಗಿ ಬರೀರಿ, ಅದೇನು ಅವಮಾನ ಅಲ್ಲ. ಏನೂ ಉಳೀಲೇ ಇಲ್ಲ ಅಂದ್ರೆ ನನ್ನ ಆರು ಪುಟದ ಮಷೀನ್ ಗತಿ. ಅಕ್ಕ ತಂಗಿ ಕಥೆ ಈ ಟೆಸ್ಟಲ್ಲಿ ಪಾಸಾಯ್ತು, ಯಾಕಂದ್ರೆ ಯಾವ ದೂರದ ಕೆಲಸಕ್ಕೆ ಹೋದ್ರೂ ತಂಗಿ ಅಕ್ಕನಿಗಿಂತ ದೊಡ್ಡವಳಾಗಲ್ಲ.

ಆದ್ರೂ ಆ ಕಥೆ ಇನ್ನೂ ಮುಗಿದಿಲ್ಲ. ಅಕ್ಕ ಬಂದು ಬಾಗಿಲು ತಟ್ಟಿದ್ದಾಳೆ, ತಂಗಿ ಒಳಗಿಂದ "ಬಂದೆ" ಅಂದಿದ್ದಾಳೆ. ಬಾಗಿಲು ತೆಗೆದ ಮೇಲೆ ಯಾರು ಯಾರನ್ನ ಏನಂತ ಕರೀತಾರೆ ಅನ್ನೋದರಲ್ಲಿ ಮೂರು ಡ್ರಾಫ್ಟ್ ಹೋಗಿದೆ.